ಹದಿನೇಳನೇ ಬಾಟಲಿ

ಡೆಲ್ಫ್ಟಿನಿಂದ ಹೊರಡುವಾಗ ಮಾರ್ಲೀಸ್ ಹೇಳಿದ್ದಳು:
ಬಾಟಲಿಯ ಮೇಲೆ ಹೆಸರು ಬರೆಯಬೇಡ, ನಂಬರು ಸಾಕು.
ಹೆಸರು ಬರೆದರೆ ಕೈ ನಡುಗುತ್ತದೆ ಅಂತಲ್ಲ,
ಅದು ನಿಯಮ. ಪುಟ ಒಂಬತ್ತು.

ಗುಡಿಬಂಡೆಯಲ್ಲಿ ಬಸ್ಸಿಳಿದಾಗ
ಅರವತ್ತು ಖಾಲಿ ಬಾಟಲಿ ನನ್ನ ಜೊತೆ.
ಕಂಡಕ್ಟರ್ ಲಗೇಜು ಕೇಳಿದ್ದ. ಒಳಗೇನಿದೆ?
ಏನಿಲ್ಲ ಸಾರ್, ನೀರು ತುಂಬಿಸ್ಕೊಂಡು ಹೋಗೋಕೆ ಬಂದಿದೀನಿ.
ಇಲ್ಲಿಂದಾ? ಅಂದ.
ಬಸ್ಸೆಲ್ಲ ನಕ್ಕಿತು. ನಾನೂ,
ಬಾಯಿಗೆ ಕೈ ಅಡ್ಡ ಹಿಡಿದು.

ಅಲ್ಲಿ, ನಾನು ಓದುವ ಊರಲ್ಲಿ,
ಸಮುದ್ರ ತಲೆಗಿಂತ ಎತ್ತರದಲ್ಲಿದೆ.
ನೀರನ್ನು ಆಚೆ ಕಳಿಸುವುದೇ ಅವರ ತಲತಲಾಂತರದ ಕೆಲಸ.
ಮೊದಲ ವಾರ ನಲ್ಲಿಗೆ ನೇರ ಬಾಯೊಡ್ಡಿ ಕುಡಿಯುತ್ತಿದ್ದೆ,
ಪಕ್ಕದ ಕೋಣೆಯ ವಂಜಿರು ನೋಡಿ ನಕ್ಕಳು.
ನಕುರುವಿನವಳು. ಅವಳ ಹಲ್ಲಲ್ಲೂ ಅದೇ ಕಂದು ಗೆರೆ.
ಜ್ವಾಲಾಮುಖಿಯ ಮಣ್ಣು, ಅಂದಳು.
ಕರಿಗಲ್ಲು, ಅಂದೆ.
ಪರಿಚಯ ಅಷ್ಟೇ. ಆಮೇಲೆ ಎರಡು ವರ್ಷ ಒಂದೇ ಕುಕ್ಕರು.

ಊರಲ್ಲಿ ಮನೆಗೊಂದು ಒಪ್ಪಿಗೆ ಪತ್ರ.
ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿ,
ಕನ್ನಡದಿಂದ ಅತ್ತೆಯ ತೆಲುಗಿಗೆ ಸುರಿದು,
ಕೊಡದಿಂದ ಕೊಡಕ್ಕೆ, ಪ್ರತಿ ಸಲ ಒಂದಿಷ್ಟು ಚೆಲ್ಲಿ.
"ಭಾಗವಹಿಸುವವರು" ಅನ್ನುವಲ್ಲಿ
ವಾಟರ್‌ಮನ್ ಗಂಗುಲಪ್ಪ ಕೇಳಿದ: ಏನು, ಆಟದ ಪೋಟಿಯಾ?
ಅವನ ಹಿಂದೆ ಶುದ್ಧ ನೀರಿನ ಘಟಕ.
ಐದು ರೂಪಾಯಿ ಹಾಕಿದರೆ ಒಂದು ಕ್ಯಾನು.
ಆರು ತಿಂಗಳಿಂದ ನಾಣ್ಯ ಮಾತ್ರ ನುಂಗುತ್ತಿದೆ.

ಆದೆಮ್ಮ ಅತ್ತೆಯ ಮೊಣಕಾಲು ಮಡಚುವುದು ಬಿಟ್ಟು ಹತ್ತು ವರ್ಷ.
ಜಗಲಿಯ ಮೇಲೆ ಕಾಲು ನೀಡಿ ಕೂತು
ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.
"ನೀವು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು"
ಅನ್ನುವ ಸಾಲಿಗೆ ಬಂದೆ. ಅವಳ ಕೈ ನಿಂತಿತು.
ಯಾವುದರಿಂದ?
ಈ ಅಧ್ಯಯನದಿಂದ, ಅತ್ತೆ.
ನೀರಿನಿಂದ ಅಲ್ವಾ?
ಅಲ್ಲ.
ಸರಿ, ಅಂದು ಹೆಬ್ಬೆರಳು ಚಾಚಿದಳು.
ಹುಣಸೆ ಅಂಟಿತ್ತು, ಶಾಯಿ ಹಿಡಿಯಲಿಲ್ಲ.
ಆ ಕಂದು ಗುರುತೇ ಸಾಕೆಂದು ಹಾಳೆ ಮಡಚಿದೆ.

ತುಂಬುವ ಮುನ್ನ ಬಾಟಲಿಯನ್ನು
ಅದೇ ನೀರಲ್ಲಿ ಮೂರು ಸಲ ತೊಳೆದು ಚೆಲ್ಲಬೇಕು.
ಮೊದಲನೆಯದು ಚೆಲ್ಲಿದಾಗ ಸುಮ್ಮನಿದ್ದಳು.
ಎರಡನೆಯದಕ್ಕೆ ಪಾತ್ರೆ ತಂದು ಒಡ್ಡಿದಳು.
ಮೂರನೆಯದು ಕರುವಿಗೆ.
ಕರು ನನ್ನ ಪಟ್ಟಿಯಲ್ಲಿ ಇರಲಿಲ್ಲ.

ವಿಮಾನ ನಿಲ್ದಾಣದ ಫಾರಮ್ಮಿನಲ್ಲಿ ಬರೆದೆ:
ವಸ್ತು, ನೀರು. ವಾಣಿಜ್ಯ ಮೌಲ್ಯ, ಇಲ್ಲ.
ಅಧಿಕಾರಿ ತಲೆಯೆತ್ತದೆ ಮೊಹರು ಒತ್ತಿದ.

ಜನವರಿ. ನಾಲ್ಕೂವರೆಗೇ ಕತ್ತಲು,
ಕಾಲುವೆಯ ಮೇಲೆ ತೆಳ್ಳಗೆ ಹೆಪ್ಪು.
ನಕ್ಷೆಯಲ್ಲಿ ಗೆರೆ ಸಲೀಸಾಗಿ ಹೋಗುತ್ತ ಹೋಗುತ್ತ
ಹದಿನೇಳರ ಹತ್ತಿರ ಗುಡಿಬಂಡೆ ಬೆಟ್ಟದ ಹಾಗೆ ಎದ್ದು ನಿಂತಿತು.
ನಾಲ್ಕು ಪಾಯಿಂಟ್ ಎಂಟು.
ಮಾರ್ಲೀಸ್ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ
ಎಷ್ಟು ಚೆಂದದ ಶಿಖರ, ಅಂದಳು.
ಒಳ್ಳೆಯವಳು. ಮೊದಲ ಚಳಿಗೆ ತನ್ನ ಕೋಟು ಕೊಟ್ಟವಳು.
ಹೌದು, ಅಂದೆ.
ಕೈ ತಾನಾಗಿ ಬಾಯಿಗೆ ಹೋಯಿತು, ನಗದಿದ್ದರೂ.

ರಾತ್ರಿ ಅತ್ತೆಯ ಫೋನು.
ನನ್ನ ನೀರು ಹೇಗಿದೆಯೇ ಅಲ್ಲಿ?
ಫ್ರಿಜ್ಜಿನಲ್ಲಿದೆ ಅತ್ತೆ. ನಾಲ್ಕು ಡಿಗ್ರಿ.
ಬೆಳಕು ಬೀಳದ ಹಾಗೆ ಇಟ್ಟಿದಾರೆ.
ನೋಡು, ಅಂದಳು, ಎಷ್ಟು ಜೋಪಾನ.
ಆಮೇಲೆ ಯಾರಿಗೋ, ಫೋನಿನಿಂದ ಮುಖ ತಿರುಗಿಸಿ,
ಟ್ಯಾಂಕರು ಬಂತೇನೋ ನೋಡ್ರೋ.
ಬಿಂದಿಗೆಗಳ ಸದ್ದು. ಓಡುವ ಹೆಜ್ಜೆ.
ಅವಳು ಫೋನು ಕಟ್ ಮಾಡುವುದು ಮರೆತಿದ್ದಳು,
ನಾನೂ ಮಾಡಲಿಲ್ಲ.